ಹದಿನಾಲ್ಕು ಗಂಟೆಗಳ ಮೌನವನ್ನು ಹಿಂದಿರುಗಿಸಿ

ದೂರಶಿಕ್ಷಣ ಕೇಂದ್ರದ ಮಾನ್ಯ ನಿರ್ದೇಶಕರಿಗೆ, ತಮ್ಮದೇ ಕಟ್ಟಡದ ಮೂರನೇ ಮಹಡಿಯಿಂದ, ಆದರೆ ಪತ್ರಿಕೆಯ ಮೂಲಕ.

ನನ್ನ ಅರವತ್ತು ಪಾಠಗಳಿಂದ ಒಟ್ಟು ಹದಿನಾಲ್ಕು ಗಂಟೆಗಳ ಮೌನವನ್ನು ತಾವು ತೆಗೆಸಿಹಾಕಿದ್ದೀರಿ. ಅದನ್ನು ವಾಪಸ್ ಕೊಡಿ. ತಮಗೆ ಅದು ಕಸದಂತೆ ಕಂಡಿರಬಹುದು. ನೂರ ಎಂಬತ್ತಾರು ಮಂದಿ ಅದರೊಳಗೆ ಕೂತು ಮಾತು ಕಲಿಯುತ್ತಿದ್ದರು. ಈ ವಿಷಯವಾಗಿ ತಮಗೆ ಈಗಾಗಲೇ ಮೂರು ಪತ್ರ ಬರೆದಿದ್ದೇನೆ. ಮೂರಕ್ಕೂ ಒಂದೇ ನಿಮಿಷದೊಳಗೆ ಉತ್ತರ ಬಂತು: 'ತಮ್ಮ ಅನಿಸಿಕೆ ನಮಗೆ ಅಮೂಲ್ಯ.' ಓದುವ ತೊಂದರೆ ತೆಗೆದುಕೊಳ್ಳದಿದ್ದರೆ ಮಾತ್ರ ಅಷ್ಟು ಚುರುಕಾಗಿ ಉತ್ತರಿಸಲು ಸಾಧ್ಯ ಎಂಬುದು ನನಗೂ ಗೊತ್ತು. ಆದ್ದರಿಂದ ನಾಲ್ಕನೆಯದನ್ನು ಊರವರೆಲ್ಲ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ಯಾರಾದರೂ ತಮಗೆ ಓದಿ ಹೇಳಿಯಾರು.

ಊರವರಿಗೆ ವಿಷಯ ತಿಳಿಯಬೇಕಲ್ಲ, ಹೇಳುತ್ತೇನೆ. ಕೆಲಸ ಹುಡುಕಿಕೊಂಡು ದೂರದಿಂದ ಈ ಊರಿಗೆ ಬಂದವರಿಗೆ ಇಲ್ಲಿನ ಮಾತು ಕಲಿಸುವುದು ನನ್ನ ಕೆಲಸ. ಇಪ್ಪತ್ತಮೂರು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ನನ್ನ ವಿದ್ಯಾರ್ಥಿಗಳಲ್ಲಿ ಟೈಲ್ಸ್ ಕೂರಿಸುವವರಿದ್ದಾರೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರಿದ್ದಾರೆ, ವಯಸ್ಸಾದವರನ್ನು ನೋಡಿಕೊಳ್ಳುವವರಿದ್ದಾರೆ. ಅವರೆಲ್ಲರ ತಾಯ್ನುಡಿ ಸೇರಿಸಿದರೆ ಹನ್ನೊಂದಾಗುತ್ತದೆ. ತರಗತಿಗೆ ಬರಲು ಯಾರಿಗೂ ಬಿಡುವಿಲ್ಲ. ಅವರು ತಮಗೆ ಅನುಕೂಲವಾದ ಹೊತ್ತಿನಲ್ಲಿ ಒಂದು ನಂಬರಿಗೆ ಫೋನ್ ಮಾಡುತ್ತಾರೆ. ಆ ಕಡೆಯಿಂದ ನನ್ನ ಧ್ವನಿ ಬರುತ್ತದೆ. ನಾನು ಒಂದು ಪ್ರಶ್ನೆ ಕೇಳಿ ಹನ್ನೆರಡು ಸೆಕೆಂಡು ಸುಮ್ಮನಿರುತ್ತೇನೆ. ಆ ಬಿಡುವಿನಲ್ಲಿ ಅವರು ಉತ್ತರ ಹೇಳಬೇಕು, ಯಂತ್ರ ಅದನ್ನು ದಾಖಲಿಸಿಕೊಳ್ಳುತ್ತದೆ. ಆಮೇಲೆ ಸರಿಯುತ್ತರವನ್ನು ನಾನು ಹೇಳುತ್ತೇನೆ. ನಾನು ಮಾತಾಡುವಾಗ ಯಂತ್ರ ಕಿವಿ ಮುಚ್ಚಿಕೊಂಡಿರುತ್ತದೆ, ಸುಮ್ಮನಾದಾಗ ಮಾತ್ರ ತೆರೆಯುತ್ತದೆ. ಇದರಲ್ಲಿ ಗೂಢವಾದದ್ದು ಏನೂ ಇಲ್ಲ.

ಹನ್ನೆರಡೇ ಏಕೆ ಎಂದು ತಾವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹೊಸ ಭಾಷೆಯಲ್ಲಿ ಪ್ರಶ್ನೆ ಕಿವಿಗೆ ಬಿದ್ದಾಗ ಮನುಷ್ಯ ಮೊದಲು ತನ್ನ ಮನೆಮಾತಿನಲ್ಲಿ ಉತ್ತರ ಹುಡುಕುತ್ತಾನೆ. ಸಿಕ್ಕ ಮೇಲೆ ಅದನ್ನು ಹೊತ್ತುಕೊಂಡು ಈ ಕಡೆಗೆ ಬರುತ್ತಾನೆ. ದಾರಿಯಲ್ಲಿ ಒಂದೆರಡು ಪದ ಕೈಜಾರುತ್ತವೆ, ಬಗ್ಗಿ ಎತ್ತಿಕೊಳ್ಳಬೇಕು. ಮೊದಲ ವರ್ಷ ನಾನು ಐದು ಸೆಕೆಂಡು ಬಿಟ್ಟಿದ್ದೆ. ಯಾರೂ ಬಾಯಿ ಬಿಡಲಿಲ್ಲ. ಎಂಟು ಮಾಡಿದೆ, ಕೆಲವರು ಅರ್ಧ ಹೇಳಿದರು. ಹನ್ನೆರಡಕ್ಕೆ ಮುಕ್ಕಾಲು ಪಾಲು ಜನ ಪೂರ್ತಿ ವಾಕ್ಯ ಹೇಳಿದರು. ನಮ್ಮ ಧ್ವನಿಮುದ್ರಕರು, ನಾವು 'ಗಡಿಯಾರ' ಎಂದು ಕರೆಯುತ್ತಿದ್ದ ಹಿರಿಯರು, ಗಾಜಿನಾಚೆ ಕೂತು ಒಂದೊಂದು ಬಿಡುವಿಗೂ ಬೆರಳು ಮಡಚಿ ಎಣಿಸುತ್ತಿದ್ದರು. ಅವರು ಆ ಜಾಗವನ್ನು ಬರಿದಾಗಿಯೂ ಬಿಡುತ್ತಿರಲಿಲ್ಲ. ಫ್ಯಾನಿನ ಸದ್ದು, ನನ್ನ ಕುರ್ಚಿಯ ಕಿರುಗುಟ್ಟುವಿಕೆ, ಕೋಣೆಯ ಉಸಿರು ತೆಳ್ಳಗೆ ಕೇಳಿಸುವಂತೆ ನೋಡಿಕೊಳ್ಳುತ್ತಿದ್ದರು. "ಪೂರ್ತಿ ನಿಶ್ಶಬ್ದ ಆದ್ರೆ ಲೈನ್ ಕಟ್ಟಾಯ್ತು ಅಂದ್ಕೊಂಡು ಇಟ್ಬಿಡ್ತಾರಮ್ಮ. ನೀವು ಅಲ್ಲೇ ಕೂತು ಕಾಯ್ತಿದ್ದೀರಿ ಅಂತ ಅವರಿಗೆ ಗೊತ್ತಾಗ್ಬೇಕು" ಎನ್ನುತ್ತಿದ್ದರು. ಶಿಕ್ಷಣ ತಂತ್ರಜ್ಞಾನ ಎಂಬ ವಿಷಯದಲ್ಲಿ ನಾನು ಸ್ನಾತಕೋತ್ತರ ಪದವಿ ಪಡೆದಿದ್ದೇನೆ. ಇದಕ್ಕಿಂತ ದೊಡ್ಡ ಮಾತನ್ನು ಅಲ್ಲಿ ಯಾರೂ ಹೇಳಿಕೊಡಲಿಲ್ಲ.

ಗಡಿಯಾರದವರು ನಿವೃತ್ತರಾದರು, ತಾವು ಬಂದಿರಿ. ತಮ್ಮ ಜೊತೆ ಒಂದು ಹೊಸ ತಂತ್ರಾಂಶವೂ ಬಂತು. ಅದು ಧ್ವನಿಮುದ್ರಿಕೆಗಳನ್ನು ಜಾಲಾಡಿ, ಯಾರೂ ಮಾತಾಡದ ಜಾಗಗಳನ್ನೆಲ್ಲ ಕತ್ತರಿಸಿ ಬಿಸಾಡುತ್ತದೆ. ಪಾಠವೊಂದಕ್ಕೆ ಎಪ್ಪತ್ತು ಬಿಡುವುಗಳು, ಹದಿನಾಲ್ಕು ನಿಮಿಷ. ನಲವತ್ತು ನಿಮಿಷದ ಪಾಠ ಇಪ್ಪತ್ತಾರಕ್ಕೆ ಇಳಿಯಿತು. 'ಅನುತ್ಪಾದಕ ಅಂತರಗಳ ನಿವಾರಣೆಯಿಂದ ಶೇಕಡ ಮೂವತ್ತೈದರಷ್ಟು ದಕ್ಷತೆ' ಎಂದು ತಮ್ಮ ಸುತ್ತೋಲೆ ಬೀಗಿತು. ಮಾತು ಬೆಳ್ಳಿ, ಮೌನ ಬಂಗಾರ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬಂಗಾರವನ್ನು ಗುಡಿಸಿ ಹೊರಗೆ ಚೆಲ್ಲಿ, ಕಸ ಬಳಿದದ್ದಕ್ಕೆ ಪ್ರಶಸ್ತಿ ಫಲಕ ಪಡೆದ ಕಚೇರಿ ಬಹುಶಃ ನಮ್ಮದೊಂದೇ. ನೆಗಡಿಯಾಯಿತೆಂದು ಮೂಗು ಕೊಯ್ದವರ ಬಗ್ಗೆ ಕೇಳಿದ್ದೆ. ನೆಗಡಿಯೇ ಇಲ್ಲದ ಮೂಗನ್ನು ಕೊಯ್ದವರನ್ನು ಈಗ ಕಣ್ಣಾರೆ ಕಂಡೆ.

ಈಗ ನನ್ನ ಪಾಠ ಹೇಗಿದೆ ಗೊತ್ತೇ? 'ನೋವು ಎಲ್ಲಿದೆ ನೋವು ಹೊಟ್ಟೆಯಲ್ಲಿದೆ ಎಷ್ಟು ದಿನದಿಂದ ಮೂರು ದಿನದಿಂದ.' ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. ತಮ್ಮ ಮಾಸಿಕ ಸಭೆಗಳ ಪರಿಚಯವಿದ್ದವರಿಗೆ ಈ ಶೈಲಿ ಹೊಸದಲ್ಲ. ಅಡುಗೆಮನೆಯಲ್ಲಿ ಒಂದು ಪಾಠ ಹಾಕಿ ಕೇಳುತ್ತಿದ್ದಾಗ ನನ್ನ ಗಂಡ ಬಾಗಿಲಲ್ಲಿ ನಿಂತು, "ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದ್ದಾರೇನೇ ನಿನ್ನ?" ಎಂದು ಕೇಳಿದರು.

ನಾನು ಕವಿತೆ ಓದುವವಳು. ಕವಿತೆಯ ಪುಟದಲ್ಲಿ ಅಕ್ಷರಕ್ಕಿಂತ ಬಿಳಿ ಹೆಚ್ಚು. ಒಂದು ಸಾಲು ಮುಗಿದ ಮೇಲೆ ಓದುವವಳು ಉಸಿರೆಳೆದುಕೊಂಡು ತನ್ನದೇನನ್ನೋ ನೆನೆಯಲಿ ಎಂದು ಕವಿ ಆ ಜಾಗವನ್ನು ಬಿಟ್ಟಿರುತ್ತಾನೆ. ಅಂಥದೊಂದು ಪುಸ್ತಕ ತಮ್ಮ ತಂತ್ರಾಂಶದ ಕೈಗೆ ಸಿಕ್ಕಿದರೆ ಎಂಬತ್ತು ಪುಟ ಹನ್ನೆರಡಾಗುತ್ತದೆ. ಕಾಗದ ಉಳಿಸಿದ್ದಕ್ಕೆ ಮತ್ತೊಂದು ಫಲಕ. ಗೋಡೆಯಲ್ಲಿ ಜಾಗವಿದೆಯೇ, ನೋಡಿಕೊಳ್ಳಿ.

ಇಷ್ಟೆಲ್ಲ ಹೇಳುವವಳು ಒಂದು ವಿಷಯ ಮುಚ್ಚಿಡಬಾರದು. ತಾವೂ ಹೇಗೂ ಅದನ್ನೇ ಮೊದಲು ಎತ್ತುತ್ತೀರಿ. ಹೊಸ ಪಾಠಗಳ ಪಟ್ಟಿ ಒಪ್ಪಿಗೆಗೆಂದು ನನ್ನ ಮೇಜಿಗೆ ಬಂದಿತ್ತು. 'ಕೇಳಿ ಪರಿಶೀಲಿಸಲಾಗಿದೆ' ಎಂಬ ಕಾಲಮಿನಲ್ಲಿ ಅರವತ್ತು ಸಹಿ ಹಾಕಿದವಳು ನಾನೇ. ಅದು ಉತ್ತರಪತ್ರಿಕೆ ತಿದ್ದುವ ವಾರ. ಒಂದೊಂದು ಪಾಠದಲ್ಲಿ ಮೊದಲ ಎರಡು ನಿಮಿಷ ಮಾತ್ರ ಕೇಳಿದೆ. ಆ ಎರಡು ನಿಮಿಷದಲ್ಲಿ ಸಂಗೀತ ಮತ್ತು ನನ್ನ ಸ್ವಾಗತದ ಮಾತು ಇರುತ್ತವೆ, ಬಿಡುವುಗಳು ಇರುವುದಿಲ್ಲ. ಎಲ್ಲ ಚೆನ್ನಾಗಿದೆ ಎಂದುಕೊಂಡೆ. ಬಿಡುವು ಬೇಕೆಂದು ಇಪ್ಪತ್ತಮೂರು ವರ್ಷ ವಾದಿಸಿದವಳು ಕೇಳುವ ಸರದಿ ಬಂದಾಗ ಎರಡು ನಿಮಿಷ ಕೊಟ್ಟಳು. ತಮ್ಮ ತಪ್ಪಿನ ಕೆಳಗೆ ನನ್ನ ಸಹಿ ಇದೆ. ಅದಕ್ಕಾಗಿಯೇ ನಾನು ಸುಮ್ಮನಿರುವಂತಿಲ್ಲ.

ನನಗೆ ಸಂಗತಿ ತಿಳಿದದ್ದು ಒಂದು ಫೋನಿನಿಂದ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿದೆ. ಅಲ್ಲಿ ಒಂಬತ್ತು ವರ್ಷದಿಂದ ದುಡಿಯುತ್ತಿರುವವರೊಬ್ಬರು ನನ್ನ ವಿದ್ಯಾರ್ಥಿನಿ. ನಾನು ಅವರನ್ನು ಲಾಂಡ್ರಿಯಕ್ಕ ಎನ್ನುತ್ತೇನೆ. ನನಗಿಂತ ನಾಲ್ಕು ವರ್ಷ ಚಿಕ್ಕವರು, ಆದರೂ ಅಕ್ಕ. ಯಂತ್ರಗಳು ನಿಂತ ಮೇಲೆ ಹಾಸಿಗೆಯ ಚಾದರಗಳನ್ನು ಮಡಚುತ್ತಾ ಅವರು ಪಾಠ ಕೇಳುತ್ತಾರೆ. ಆ ದಿನ ಫೋನ್ ಮಾಡಿ ಕೇಳಿದರು:

"ಟೀಚರಮ್ಮ, ನಿಮಗೆ ನನ್ನ ಮೇಲೆ ಕೋಪಾನಾ?"

ಯಾಕಕ್ಕ ಎಂದೆ.

"ಪ್ರಶ್ನೆ ಕೇಳ್ತೀರಿ. ನಾನು ಬಾಯಿ ತೆಗೆಯೋಷ್ಟರಲ್ಲಿ ನೀವೇ ಹೇಳಿ ಮುಂದೆ ಹೋಗ್ತೀರಿ. ಮೊದಲೆಲ್ಲ ಒಂದು ಚಾದರ ಮಡಚೋಷ್ಟು ಹೊತ್ತು ಕೊಡ್ತಿದ್ರಿ. ಈಗ ಕರವಸ್ತ್ರಕ್ಕೂ ಸಾಲಲ್ಲ. ಇವಳು ದಡ್ಡಿ, ಇವಳಿಗೆ ಎಷ್ಟಂತ ಕಾಯೋದು ಅಂತ ಬೇಜಾರಾಯ್ತೇನೋ ಅಂದ್ಕೊಂಡೆ."

ತಂತ್ರಾಂಶಕ್ಕೆ ಮುಖವಿಲ್ಲ, ನಿರ್ದೇಶಕರೇ. ಧ್ವನಿ ನನ್ನದು. ತಾವು ಕತ್ತರಿಸಿದ್ದಕ್ಕೆ ಅವರು ಎರಡು ತಿಂಗಳು ನನ್ನನ್ನು ಅಪರಾಧಿ ಎನ್ನಲಿಲ್ಲ, ತಮ್ಮನ್ನು ತಾವೇ ದಡ್ಡಿ ಎಂದುಕೊಂಡರು.

ಅಷ್ಟರಲ್ಲಿ ಯಂತ್ರ ತನ್ನ ಕೆಲಸ ಮುಗಿಸಿತ್ತು. ಸತತ ಮೂರು ಪಾಠಗಳಲ್ಲಿ ಉತ್ತರ ದಾಖಲಾಗದವರನ್ನು 'ನಿಷ್ಕ್ರಿಯ' ಎಂದು ಪಟ್ಟಿಯಿಂದ ಕೈಬಿಡುವ ನಿಯಮವಿದೆ. ಉತ್ತರ ಕೇಳಿಸಿಕೊಳ್ಳುವ ಜಾಗವನ್ನೇ ತೆಗೆದಮೇಲೆ ಉತ್ತರ ದಾಖಲಾಗುವುದು ಎಲ್ಲಿಂದ? ನೂರ ಎಂಬತ್ತಾರು ಜನ ಹೀಗೆ ನಿಷ್ಕ್ರಿಯರಾದರು. ದಿನಕ್ಕೆ ಹತ್ತು ಗಂಟೆ ನಿಂತು ದುಡಿಯುವವರಿಗೆ ಆ ಪದ ಹುಡುಕಿಕೊಟ್ಟವರ ಕಲ್ಪನಾಶಕ್ತಿಯನ್ನು ಮೆಚ್ಚಲೇಬೇಕು. ಬೇರೆಯವರ ಮಾತು ಹಾಗಿರಲಿ, ಲಾಂಡ್ರಿಯಕ್ಕನಿಗೆ ಕಾಯಲು ಮುಂದಿನ ವರ್ಷವಿಲ್ಲ. ಬರುವ ತಿಂಗಳ ಹತ್ತರಂದು ಅದೇ ಆಸ್ಪತ್ರೆಯಲ್ಲಿ ವಾರ್ಡ್ ಸಹಾಯಕಿಯರ ಆಯ್ಕೆ. ನಮ್ಮ ಪ್ರಮಾಣಪತ್ರವಿದ್ದರೆ ಮಾತ್ರ ಒಳಗೆ ಬಿಡುತ್ತಾರೆ. ವಯೋಮಿತಿ ನಲವತ್ತೈದು, ಅವರಿಗೆ ಈಗ ನಲವತ್ತನಾಲ್ಕೂವರೆ. ನಮ್ಮ ಮೌಖಿಕ ಪರೀಕ್ಷೆ ಈ ತಿಂಗಳ ಇಪ್ಪತ್ತೆಂಟಕ್ಕೆ, ಶುಕ್ರವಾರ. ಹೆಸರು ಪಟ್ಟಿಯಲ್ಲಿಲ್ಲದವರಿಗೆ ಪ್ರವೇಶಪತ್ರವಿಲ್ಲ. ಮೇಲಿನ ವಾರ್ಡಿಗೆ ಯಾಕೆ ಹೋಗಬೇಕು ಎಂದು ಒಮ್ಮೆ ಕೇಳಿದ್ದೆ. "ಕೆಳಗೆ ರಕ್ತದ ಕಲೆ ಮಾತ್ರ ಬರುತ್ತೆ ಟೀಚರಮ್ಮ. ಯಾರದ್ದು, ಅವರು ಹುಷಾರಾದ್ರಾ ಅಂತ ಒಂಬತ್ತು ವರ್ಷದಲ್ಲಿ ಒಂದು ಸಲಾನೂ ಗೊತ್ತಾಗ್ಲಿಲ್ಲ" ಎಂದರು.

ಅವರನ್ನು ಕರೆದುಕೊಂಡು ತಮ್ಮ ಸಹಾಯ ಕೇಂದ್ರಕ್ಕೆ ಬಂದೆ. ಅಲ್ಲಿನ ಗೋಡೆಯ ಮೇಲೆ ಹನ್ನೊಂದು ಭಾಷೆಗಳಲ್ಲಿ ಸ್ವಾಗತ ಬರೆಸಿದ್ದೀರಿ. ಬಹುಸಂಸ್ಕೃತಿ ಸಪ್ತಾಹಕ್ಕೆ ಬರೆಸಿದ್ದು, ಬಣ್ಣ ಚೆನ್ನಾಗಿದೆ. ಲಾಂಡ್ರಿಯಕ್ಕ ತಮ್ಮ ಭಾಷೆಯ ಸಾಲನ್ನು ಹುಡುಕಿ ಬೆರಳಿಟ್ಟು ಓದಿ ನಕ್ಕರು. ಕೌಂಟರಿನಲ್ಲಿದ್ದ ಗುಮಾಸ್ತೆ ಪರದೆ ನೋಡಿ, ಇವರು ಎರಡು ತಿಂಗಳಿಂದ ಒಂದು ಮಾತೂ ಆಡಿಲ್ಲ ಎಂದು ಸಿಸ್ಟಂ ತೋರಿಸುತ್ತಿದೆ ಎಂದರು.

"ಆಡಿದೆ ಮೇಡಂ. ಆಗ ಅದೇ ಮಾತಾಡ್ತಾ ಇತ್ತು."

"ಅದು ಮುಗಿಸಿದ ತಕ್ಷಣ ಹೇಳ್ಬೇಕಮ್ಮ. ಸ್ವಲ್ಪ ಬೇಗ ಬೇಗ ಮಾತಾಡೋದು ರೂಢಿ ಮಾಡ್ಕೊಳ್ಳಿ."

"ಅದು ಮುಗಿಸೋದೇ ಇಲ್ವಲ್ಲ. ನಮ್ಮತ್ತೆ ಹಾಗೆ."

ಗುಮಾಸ್ತೆಗೂ ನಗು ಬಂತು. ಅವರಿಗೂ ಮನೆಯಲ್ಲೊಬ್ಬರು ಅತ್ತೆ ಇರಬೇಕು. ಆದರೆ ಹೆಸರು ಮತ್ತೆ ಸೇರಿಸಲು ನಿರ್ದೇಶಕರ ಅನುಮತಿ ಬೇಕು, ನನ್ನ ಕೈಯಲ್ಲಿ ಏನೂ ಇಲ್ಲ ಎಂದರು. ನಿಜವನ್ನೇ ಹೇಳಿದರು. ಅನುಮತಿ ಕೇಳಲು ತಮ್ಮ ಕೊಠಡಿಗೂ ಹೋದೆ. ತಮಗೆ ನೆನಪಿರಲಾರದು. "ಮೇಡಂ, ಈ ಕಾಲದಲ್ಲಿ ಮೌನಕ್ಕೆಲ್ಲ ಯಾರು ಜಾಗ ಕೊಡ್ತಾರೆ?" ಎಂದಿರಿ. ನಾನು ಉತ್ತರ ಜೋಡಿಸಿಕೊಳ್ಳುವಷ್ಟರಲ್ಲಿ ತಾವು ಫೋನ್ ಎತ್ತಿಕೊಂಡಿರಿ. ನನ್ನ ತಾಯ್ನುಡಿಯಲ್ಲೇ ಕೇಳಿದ ಪ್ರಶ್ನೆಗೆ, ಸ್ನಾತಕೋತ್ತರ ಪದವಿಯಿರುವ ನನಗೇ ಉತ್ತರಿಸಲು ಆಗಲಿಲ್ಲ.

ಈಗ ಬೇಡಿಕೆ. ಕತ್ತರಿಸದ ಮೂಲ ಮುದ್ರಿಕೆಗಳು ನಾಶವಾಗಿಲ್ಲ. ಗಡಿಯಾರದವರು ಅವನ್ನು ಹಳೆಯ ಧ್ವನಿಕೋಣೆಯ ಬೀರುವಿನಲ್ಲಿ ಸಂಖ್ಯೆ ಹಾಕಿ ಜೋಡಿಸಿಟ್ಟು ಹೋಗಿದ್ದಾರೆ. ಬೀಗದ ಕೈ ತಮ್ಮ ಆಪ್ತ ಸಹಾಯಕರ ಬಳಿ ಇದೆ. ಅವನ್ನು ಮತ್ತೆ ಫೋನಿಗೆ ಹಾಕಿಸಲು ಅರ್ಧ ದಿನ ಸಾಕು. ನೂರ ಎಂಬತ್ತಾರು ಹೆಸರುಗಳನ್ನು ಪಟ್ಟಿಗೆ ಸೇರಿಸಲು ತಮ್ಮ ಒಂದು ಸಹಿ ಸಾಕು. ಸಮಿತಿ ರಚಿಸಬೇಡಿ. ಸಮಿತಿ ವರದಿ ಕೊಡುವ ಹೊತ್ತಿಗೆ ಲಾಂಡ್ರಿಯಕ್ಕನಿಗೆ ನಲವತ್ತೇಳು ದಾಟಿರುತ್ತದೆ.

ಅವರಿಗೆ ಪರೀಕ್ಷೆಗೆ ಕೂರುವ ಅರ್ಹತೆ ಇದೆಯೋ ಇಲ್ಲವೋ ಎಂಬ ಅನುಮಾನ ತಮಗಿದ್ದರೆ ಅದನ್ನೂ ಪರಿಹರಿಸೋಣ. ಇಪ್ಪತ್ತನಾಲ್ಕನೇ ತಾರೀಖು, ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ ಅವರು ಒಂದು ಪಾಳಿ ರಜೆ ಹಾಕಿ ನನ್ನೊಡನೆ ತಮ್ಮ ಕೊಠಡಿಗೆ ಬರುತ್ತಾರೆ. ಅರವತ್ತು ಪಾಠಗಳಲ್ಲಿ ಯಾವುದರಿಂದ ಬೇಕಾದರೂ ಒಂದು ಪ್ರಶ್ನೆ ತಾವೇ ಕೇಳಿ. ಕೇಳಿದ ಮೇಲೆ ಫೋನ್ ಮುಟ್ಟಬೇಡಿ, ಗಂಟೆ ಒತ್ತಬೇಡಿ, ಅವರಿಗೆ ಬದಲಾಗಿ ಉತ್ತರಿಸಬೇಡಿ. ಅವರ ತುಟಿ ಒಮ್ಮೆ ಸದ್ದಿಲ್ಲದೆ ಅಲುಗುತ್ತದೆ. ಅದು ಅವರ ಮನೆಮಾತು, ಅದಕ್ಕೆ ಅಡ್ಡ ಬರಬೇಡಿ. ಹನ್ನೆರಡು ಸೆಕೆಂಡು ಕಳೆದೂ ನಮ್ಮ ಭಾಷೆಯಲ್ಲಿ ಉತ್ತರ ಬರದಿದ್ದರೆ ಅವರ ಹೆಸರು ಹೊರಗೇ ಇರಲಿ. ಅದರ ಜೊತೆಗೆ ನನ್ನ ಹೆಸರನ್ನೂ ಸಿಬ್ಬಂದಿ ಪಟ್ಟಿಯಿಂದ ಹೊಡೆದುಹಾಕಿ. ಉತ್ತರ ಬಂದರೆ ಅಲ್ಲಿಯೇ, ಅವರ ಕಣ್ಣೆದುರೇ, ಪ್ರವೇಶಪತ್ರಕ್ಕೆ ಸಹಿ ಮಾಡಿ ಅವರ ಕೈಗೆ ಕೊಡಿ.

ಇಂತಿ,
ಸೋಮವಾರ ಹನ್ನೊಂದು ಗಂಟೆಯವರೆಗಂತೂ ತಮ್ಮ ಸಿಬ್ಬಂದಿಯೇ ಆಗಿರುವ,
ಪಾಠ ಹೇಳುವ ಹೆಂಗಸು