ಮಹಾರಾಜರ ವಿಹಾರ, ನನ್ನ ಸೈಕಲ್ಲು

ನವೆಂಬರ್ 4, ಸಂಜೆ

ಇವತ್ತೂ ಚೈನ್ ಬಿತ್ತು. ಫ್ಯಾಕ್ಟರಿ ಕ್ರಾಸಿನ ಹತ್ತಿರ, ಸರಿಯಾಗಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಬರುವ ಹೊತ್ತಿಗೆ. ಎರಡು ಟ್ರಾಲಿ, ಕಿವಿ ಹರಿಯುವ ಹಾಡು. ಡ್ರೈವರ್ ಸಾಹೇಬರಿಗೆ ನಾನು ಕಂಡೆನೋ ಇಲ್ಲವೋ. ಹ್ಯಾಂಡಲ್ ಎಳೆದು ಗಟಾರದ ಅಂಚಿಗೆ ನಿಂತೆ. ಆಮೇಲೆ ಚೈನು ಕೂರಿಸಲು ಬಹಳ ಹೊತ್ತು ಹಿಡಿಯಿತು. ಬಲಗೈ ಮಾತು ಕೇಳುವುದಿಲ್ಲ. ಧೋತರಕ್ಕೆಲ್ಲ ಗ್ರೀಸು.

ಮೈಲುಗಲ್ಲಿಗೆ ಒರಗಿಸಿ ಹತ್ತಿದೆ. ಹತ್ತಿ ಕೂತ ಮೇಲೆ ಎಲ್ಲ ಸರಿ... ಇದೇ ನನಗೆ ತಿಳಿಯದ್ದು. ನೆಲದ ಮೇಲೆ ಕಾಲು ಎಳೆಯುತ್ತವೆ, ಬಾಗಿಲು ಬಂದರೆ ನಿಂತೇಬಿಡುತ್ತವೆ. ಪೆಡಲ್ ಸಿಕ್ಕಿತೋ, ಇವು ಬೇರೆ ಯಾರದೋ ಕಾಲು. ಹಿರಣ್ಯಕೇಶಿ ಸೇತುವೆಯ ಇಳಿಜಾರಿನಲ್ಲಿ ತುಳಿಯುವುದು ಬಿಟ್ಟು ಸುಮ್ಮನೆ ಹೋದೆ. ಮುಖಕ್ಕೆ ಗಾಳಿ. ಫ್ಯಾಕ್ಟರಿ ಕಡೆಯಿಂದ ಕಬ್ಬಿನ ಹಾಲು ಕುದಿಯುವ ವಾಸನೆ. ಅರವತ್ತೆರಡರಲ್ಲಿ ಇಷ್ಟು ಖುಷಿ ಸಿಗುವುದಾದರೆ ದಿನಾ ಚೈನ್ ಬೀಳಲಿ.

ಅಂಗಡಿಯಲ್ಲಿ ಮಾತ್ರ ಅನ್ನಿಸಿಕೊಂಡೆ. ನನ್ನ ಪಾತ್ರೆ ಅಂಗಡಿಯಿಂದ ಹೋದ ಸ್ಟೀಲ್ ಭಾಂಡಿಗೆಲ್ಲ ಹೆಸರು ಕೊರೆದು ಕೊಟ್ಟ ಕೈ ಇದು. ತಾಯವ್ವ ಮಗಳ ಮದುವೆಯ ಕೊಡ ತಿರುಗಿಸಿ ತಿರುಗಿಸಿ ನೋಡಿದಳು.

"ಅಕ್ಷರ ಯಾಕ್ರಿ ಕಾಕಾ, ಇರಿವಿ ಸಾಲ ಹಚ್ಚಿದಂಗ ಆಗ್ಯಾವ?"

ಮಷಿನ್ ಕೆಟ್ಟಿದೆ ಅಂದೆ.

ನ. 7

ಹುಬ್ಬಳ್ಳಿಯಲ್ಲಿ ಅಂಗಡಿಗೆ ಮಾಲು ನೋಡಿ ಬರುತ್ತೇನೆಂದು ಪದ್ಮವ್ವನಿಗೆ ಹೇಳಿ ಗೋಕಾಕದ ಬಸ್ ಹತ್ತಿದೆ. ಹೆಂಡತಿಗೆ ಸುಳ್ಳು. ಡಾಕ್ಟರು ವಯಸ್ಸಿನಲ್ಲಿ ಸಣ್ಣವರು, ಪುರುಸೊತ್ತಿನಿಂದ ನೋಡಿದರು. ಬೆರಳು ಬಡಿಸಿದರು, ಕಾಗದದ ಮೇಲೆ ಸುರುಳಿ ಬರೆಸಿದರು, ನಡೆಸಿದರು. ಅವರ ರೂಮಿನ ಬಾಗಿಲಲ್ಲಿ ಕಾಲು ನೆಲಕ್ಕೆ ಅಂಟಿದವು. ಅಷ್ಟೇ ಸಾಕಾಯಿತು ಅವರಿಗೆ.

ಪಾರ್ಕಿನ್ಸನ್ ಅಂತೆ. ಹೆಸರು ಕೇಳಿದ್ದೆ. ನನಗೆ ಬರುತ್ತದೆ ಅಂದುಕೊಂಡಿರಲಿಲ್ಲ.

ನಾನು ಕೇಳಿದ್ದು ಒಂದೇ — ಸೈಕಲ್?

"ಕೆಲವ್ರಿಗೆ ಹಂಗ ಇರ್ತೈತ್ರಿ. ನಡಿಯಾಕ ಆಗೂದಿಲ್ಲ, ಸೈಕಲ್ ಮಾತ್ರ ಚಲೋ ಹೊಡೀತಾರ. ಖರೆ ಅದೂ ಎಂದ ಕೈ ಕೊಡ್ತೈತಿ ಹೇಳಾಕ ಬರೂದಿಲ್ಲ. ದೊಡ್ಡ ರೋಡಿಗಂತೂ ಒಬ್ಬರ ಹೋಗಬ್ಯಾಡ್ರಿ. ಮೊದಲ ಮನ್ಯಾಗ ತಿಳಸ್ರಿ."

ಬಸ್ಸಿನಲ್ಲಿ ಪೂರ್ತಿ ದಾರಿ ಯೋಚಿಸಿದೆ. ತಿಳಿಸುವುದಿಲ್ಲ. ತಿಳಿಸಿದರೆ ಮೊದಲು ಹೋಗುವುದು ಸೈಕಲ್ಲು. ಹೋದ ವರ್ಷ ನಾಯಿ ಅಡ್ಡ ಬಂದು ಮೊಣಕೈ ತರಚಿದ್ದಕ್ಕೇ ಅಣ್ಣ ನನ್ನ ಸೈಕಲ್ಲಿಗೆ ಬೀಗ ಹಾಕಿಸಿದ್ದ. ಇನ್ನು ಈ ಸುದ್ದಿಗೆ? ಸೈಕಲ್ ಹೋದರೆ ನನಗೆ ಉಳಿಯುವುದು ಕುರ್ಚಿ. ಕುರ್ಚಿಗೆ ಈಗಲೇ ಹೋಗಲಾರೆ.

ನ. 12

ಚಾತುರ್ಮಾಸ ಮುಗಿಯಿತು. ಬಸದಿಯಲ್ಲಿ ತಂಗಿದ್ದ ಜೈನ ಮುನಿ ಮಹಾರಾಜರು ಭಾನುವಾರ ಸಂಕೇಶ್ವರದಿಂದ ವಿಹಾರ ಹೊರಡುತ್ತಾರೆ. ಹುಕ್ಕೇರಿ, ಆಮೇಲೆ ಗೋಕಾಕ, ಮೂಡಲಗಿ. ಅವರು ವಾಹನ ಹತ್ತುವವರಲ್ಲ, ಅವರ ಕೂಡ ಮನೆಗೊಬ್ಬ ಗಂಡಸು ಬರಿಗಾಲಲ್ಲಿ ನಡೆದು ಮುಂದಿನ ಊರು ಮುಟ್ಟಿಸಿ ಬರಬೇಕು. ನಮ್ಮ ಮನೆಯಿಂದ ಯಾವಾಗಲೂ ನಾನೇ. ಮಹಾರಾಜರ ಕಮಂಡಲ ಹಿಡಿದು ಎಲ್ಲರಿಗಿಂತ ಮುಂದೆ. ಆ ಮಾನ ಬೇರೆಯವರಿಗೆ ಬಿಟ್ಟುಕೊಟ್ಟವನಲ್ಲ.

ಅಣ್ಣ ರಾವಸಾಹೇಬ ಬಸದಿ ಕಮಿಟಿಗೆ ಅಧ್ಯಕ್ಷ. ಅಂಗಡಿಗೆ ಬಂದು ಚಹಾ ಕುಡಿಯುತ್ತ ಹೇಳಿದ. "ಈ ಸಲಾನೂ ಕಮಂಡಲ ನೀನ ಹಿಡಿ, ಜಿನ್ಯಾ."

ಮೊಣಕಾಲು ನೋವು ಅಂದೆ.

"ದಿನಾ ಊರತುಂಬ ಸೈಕಲ್ ಹೊಡೀವಾಗ ಆ ನೋವು ಎಲ್ಲಿ ಹೋಗಿರ್ತೈತಿ?"

ನಗುತ್ತಲೇ ಕೇಳಿದ. ನಾನೂ ನಕ್ಕು ಹೂಂ ಅಂದೆ. ಎಂಥ ಹೇಡಿ ನಾನು.

ನ. 16, ಭಾನುವಾರ

ಬರೆಯಲೇಬೇಕು. ಬರೆದರೆ ಎದೆ ಹಗುರಾದೀತು.

ಬೆಳಕು ಹರಿದಿತ್ತು. ಬ್ಯಾಂಡಿನವರು ಶುರು ಮಾಡಿದ್ದರು. ಕೈಯಲ್ಲಿ ಕಮಂಡಲ, ಹಿಂದೆ ಮಹಾರಾಜರು, ಅವರ ಹಿಂದೆ ಇಡೀ ಸಮಾಜ. ಬಸದಿಯ ಬಾಗಿಲು ಬಂತು. ಕಾಲು ನಿಂತವು.

ಎತ್ತು ಅಂದೆ, ಮನಸ್ಸಿನಲ್ಲೇ. ಏಳಲಿಲ್ಲ. ನಾನು ಸರಿಯದೆ ಮಹಾರಾಜರು ಮುಂದೆ ಬರುವಂತಿಲ್ಲ, ಬಾಗಿಲು ಅಷ್ಟು ಇರುಕು. ಅವರು ನಿಂತರು. ಎಲ್ಲರೂ ನಿಂತರು. ಬ್ಯಾಂಡೂ ನಿಂತಿತು. ಕೈ ನಡುಗಿ ಕಮಂಡಲದ ನೀರು, ಕಾಯಿಸಿ ಸೋಸಿ ತುಂಬಿದ ನೀರು, ನನ್ನ ಪಾದದ ಮೇಲೆ ಚೆಲ್ಲಿತು.

ಹಿಂದೆ ಯಾರೋ ಮೆಲ್ಲಗೆ — "ಮುಂಜಾನೇನ ಹಾಕ್ಕೊಂಡ ಬಂದಾನೇನ?"

ಜೈನರ ಬಸದಿಯ ಬಾಗಿಲಲ್ಲಿ ನನಗೆ ಈ ಮಾತು. ಅಣ್ಣ ಕಮಂಡಲ ಕಿತ್ತುಕೊಂಡು ಬೇರೆಯವರ ಕೈಗೆ ಕೊಟ್ಟ. ನನ್ನ ತೋಳು ಹಿಡಿದು ಬಾಜೂಕ ಎಳೆದ. ಎಲ್ಲರೂ ಹೊರಟುಹೋದರು.

ಮನೆಗೆ ಹೋಗಿ ಮಲಗಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಮುಗಿಸುವ ಬುದ್ಧಿ ನನಗೆಲ್ಲಿದೆ? ಹುಕ್ಕೇರಿಯಲ್ಲಾದರೂ ಪಾದ ತೊಳೆಯಲು ನೀರು ಹಿಡಿದು ನಿಲ್ಲೋಣ, ತಪ್ಪಿಗೆ ಅಷ್ಟಾದರೂ ಆಗಲಿ ಅನಿಸಿತು. ಸೈಕಲ್ ತೆಗೆದೆ. ಮೆರವಣಿಗೆ ದಾಟುವ ಧೈರ್ಯವಿಲ್ಲದೆ ಹೊಲದ ದಾರಿ ಹಿಡಿದೆ. ಬೀಳಲಿಲ್ಲ, ದಣಿಯಲೂ ಇಲ್ಲ. ಅವರಿಗಿಂತ ಎಷ್ಟೋ ಮೊದಲು ಮುಟ್ಟಿ, ಬಸದಿಯ ಕಟ್ಟೆಗೆ ಸೈಕಲ್ ಒರಗಿಸಿ, ನೆರಳಲ್ಲಿ ಕೂತೆ.

ಬಂದರು. ಕಾಲಲ್ಲಿ ಬೊಕ್ಕೆ, ಬಟ್ಟೆ ಬೆವರು. ಎಲ್ಲರ ಕಣ್ಣು ಮೊದಲು ಸೈಕಲ್ ಮೇಲೆ, ಆಮೇಲೆ ನನ್ನ ಮೇಲೆ. ಎದ್ದು ನೀರಿನ ತಂಬಿಗೆಗೆ ಕೈ ಹಾಕಿದೆ. ಅಣ್ಣ ಅಡ್ಡ ಬಂದ.

"ಮಹಾರಾಜರ ಕೂಡ ನಡಿಯಾಕ ಕಾಲಿಲ್ಲ. ಅವರಕಿಂತ ಮೊದಲ ಬಂದು ಕುಂದರಾಕ ಗಾಲಿ ಅದಾವು. ತಂಬಿಗಿ ಕೆಳಗಿಡು."

ಮಹಾರಾಜರು ಬೇರೆಯವರ ಕೈಯಿಂದ ಪಾದ ತೊಳೆಸಿಕೊಂಡರು. ಒಳಗೆ ಹೋದರು.

ನ. 18

ಅಣ್ಣ ಚಹಾಕ್ಕೆ ಬರಲಿಲ್ಲ. ನಿನ್ನೆಯೂ ಬಂದಿರಲಿಲ್ಲ.

ನ. 24

ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಪದ್ಮವ್ವ ರೊಟ್ಟಿ ಬಡಿಸಿ ಅಲ್ಲೇ ನಿಂತಳು.

"ರೀ, ಒಂದ ಮಾತ ಕೇಳ್ತೀನಿ, ಸಿಟ್ಟಿಗೆ ಬರಬ್ಯಾಡ್ರಿ. ನಳದ ಮುಂದ ಹೆಂಗಸರು ಏನೇನೋ ಅಂತಾರ. ನೀವು... ಕುಡಿಯಾಕ ಹತ್ತೀರೇನ್ರಿ?"

ವ್ರತ ಹಿಡಿದು ರಾತ್ರಿ ನೀರು ಕುಡಿಯುವುದೂ ಬಿಟ್ಟವಳು ಇವಳು. ಆ ಪ್ರಶ್ನೆ ಬಾಯಿಗೆ ತರಲು ಎಷ್ಟು ದಿನ ಒದ್ದಾಡಿದ್ದಾಳೋ. ಎಲ್ಲ ಹೇಳಿಬಿಟ್ಟೆ. ಗೋಕಾಕ, ಡಾಕ್ಟರು, ರೋಗದ ಹೆಸರು. ಅವಳು ಅತ್ತಳು. ಕುಡಿತ ಅಲ್ಲ ಅನ್ನುವ ಸಮಾಧಾನಕ್ಕೆ ಒಂದಿಷ್ಟು, ಉಳಿದದ್ದು ನನಗಾಗಿ. ಆಮೇಲೆ ಸೆರಗು ಹೊದ್ದು ನೇರ ಅಣ್ಣನ ಮನೆಗೆ ಹೋದಳು.

ಅಣ್ಣ ಓಡಿ ಬಂದ. ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ನಡುಕ ನಿಲ್ಲಿಸುವವನಂತೆ ಒತ್ತಿ ಹಿಡಿದಿದ್ದ. ಅವನ ಕಣ್ಣಲ್ಲಿ ನೀರು ನೋಡಿದ್ದು ಅಪ್ಪ ಹೋದಾಗ, ಮತ್ತೆ ಇವತ್ತು. ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಹೋಗುವಾಗ ಸೈಕಲ್ ಸ್ಟ್ಯಾಂಡ್ ತೆಗೆದ.

"ಇದು ನನ್ನ ಮನ್ಯಾಗಿರ್ಲಿ, ಜಿನ್ಯಾ. ನಿನಗೇನರೆ ಆದರ ನಾ ಯಾರನ್ನ ಕೇಳ್ಲಿ?"

ಬೇಡ ಅನ್ನಲು ಬಾಯಿ ಬರಲಿಲ್ಲ. ಅಷ್ಟು ಪ್ರೀತಿಯಿಂದ ಒಯ್ದ.

ಡಿಸೆಂಬರ್ 9

ಊರಿಗೆಲ್ಲ ಗೊತ್ತಾಗಿದೆ. ಕುಡುಕ ಅಂದವರೇ ಈಗ ತೋಳು ಹಿಡಿದು ರಸ್ತೆ ದಾಟಿಸುತ್ತಾರೆ. "ಸಾವಕಾಶ ಬರ್ರಿ ಕಾಕಾ." ಬಹಳ ಒಳ್ಳೆಯವರು ಎಲ್ಲರೂ. ಮೈ ಉರಿಯುತ್ತದೆ.

ಅಂಗಡಿಗೆ ರಿಕ್ಷಾ. ಸೇತುವೆ ಬಂದದ್ದೂ ಗೊತ್ತಾಗುವುದಿಲ್ಲ. ಸಂಜೆ ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂರಿಸುತ್ತಾರೆ. ಯಾರದೇ ಸೈಕಲ್ ಹೋದರೂ ಕಾಲು ಕುರ್ಚಿಯ ಕೆಳಗೆ ತಾವಾಗಿಯೇ ತುಳಿಯುತ್ತವೆ. ಪದ್ಮವ್ವ ನೋಡಿದಳು, ಒಳಗೆ ಹೋದಳು.

ಅಕ್ಷರ ಸಣ್ಣ ಆಗುತ್ತ ಹೋಗುತ್ತಿವೆ. ಮೇಲಿನ ಸಾಲು ನನಗೇ ಓದಲು ಬರುತ್ತಿಲ್ಲ.

ಡಿ. 14, ಭಾನುವಾರ, ಸಂಜೆ

ಮುಂಜಾನೆ ಅಣ್ಣ ಬಂದ. ಸೈಕಲ್ ತಂದಿದ್ದ. ಎಣ್ಣೆ ಹಾಕಿ, ಹಿಂದಿನ ಕ್ಯಾರಿಯರಿಗೆ ಗೋಣಿತಟ್ಟು ಮಡಿಚಿ ಕಟ್ಟಿದ್ದ.

"ಹಿಂದ ಕುಂದ್ರು. ಕೆನಾಲ್ ಮಟಾ ಹೋಗಿ ಬರೋಣು. ನಾ ಹೊಡೀತೀನಿ."

ಪದ್ಮವ್ವ ಹೋಗಿ ಹೇಳಿದ್ದಿರಬೇಕು, ಕುರ್ಚಿಯ ಕೆಳಗಿನ ಕಾಲಿನ ಸುದ್ದಿ. ಅಣ್ಣ ಎಪ್ಪತ್ತು ದಾಟಿದ ಮನುಷ್ಯ. ಸೈಕಲ್ ಬಿಟ್ಟು ಒಂದು ಕಾಲವಾಗಿದೆ. ಕೆನಾಲ್ ದಾರಿ ತಲುಪುವವರೆಗೆ ಹೇಗೋ ಹೊಡೆದ, ಹಾವು ಹರಿದಂತೆ. ಅಲ್ಲಿ ಎದುರಿಗೆ ಎಮ್ಮೆ ಬಂತು. ಅವನು ಬೆಲ್ ಹೊಡೆಯುವುದಾ ಬ್ರೇಕ್ ಹಿಡಿಯುವುದಾ ಅಂತ ಯೋಚಿಸುವಷ್ಟರಲ್ಲಿ ಇಬ್ಬರೂ ಕಬ್ಬಿನ ಒಣ ಎಲೆಯ ರವದಿ ಗುಡ್ಡೆಯಲ್ಲಿ. ಏಟಾಗಲಿಲ್ಲ. ಎಮ್ಮೆ ನಿಂತು ನೋಡಿ ಹೋಯಿತು. ನಗು ತಡೆಯಲಾಗಲಿಲ್ಲ ನನಗೆ. ಅವನಿಗೂ. ತಲೆ ತುಂಬ ರವದಿ ಇಟ್ಟುಕೊಂಡು ಬಸದಿ ಅಧ್ಯಕ್ಷರು ನಗುತ್ತಿದ್ದರು.

ನಗು ನಿಂತ ಮೇಲೆ ಕೇಳಿದೆ. "ನಾ ಹೊಡೀಲೇನು?"

ತಲೆಯ ರವದಿ ಕೊಡವಿಕೊಂಡು ಸೈಕಲ್ ಎತ್ತಿ ನಿಲ್ಲಿಸಿದ. ಆಮೇಲೆ ನನ್ನನ್ನು ಎಬ್ಬಿಸಿ, ಹಿಡಿದುಕೊಂಡು ಸೀಟಿಗೆ ಹತ್ತಿಸಿದ. ತಾನು ಹಿಂದೆ ಕೂತ. ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದ.

ತುಳಿದೆ. ಕಾಲು ಬಂದವು, ಎರಡೂ. ಹ್ಯಾಂಡಲ್ ಅಲುಗಲಿಲ್ಲ. ಪಕ್ಕದಲ್ಲಿ ನೀರು ನಮ್ಮ ಕೂಡವೇ ಹರಿಯುತ್ತಿತ್ತು, ಬಿಸಿಲು ಹಿತವಾಗಿತ್ತು. ಅಳು ಬಂತು, ಅವನಿಗೆ ಬೆನ್ನು ಇತ್ತಲ್ಲ, ಅತ್ತೆ. ಸ್ವಲ್ಪ ದೂರಕ್ಕೆ ಅಂಗಿಯ ಮೇಲಿನ ಮುಷ್ಟಿ ಸಡಿಲಾಯಿತು.

"ಜಿನ್ಯಾ, ಅವತ್ತ ಹುಕ್ಕೇರ್ಯಾಗ ನಾ ನಿನಗ ಅಂದದ್ದು..."

"ಸುಮ್ಮ ಕುಂದ್ರೋ ಅಣ್ಣಾ. ತೂಕ ಅಳ್ಳಾಡತೈತಿ."

ಮತ್ತೆ ಕೇಳಿದ, ಇನ್ನೂ ಎಷ್ಟು ದಿನ ಹಿಂಗ ಹೊಡಿಯಾಕ ಬರ್ತೈತಿ ಅಂತ. ಡಾಕ್ಟರಿಗೂ ಗೊತ್ತಿಲ್ಲ ಅಂದೆ. ನಾಳೆಯೇ ನಿಲ್ಲಬಹುದು, ಅದೂ ಹೇಳಿದೆ. ಇನ್ನು ಅವನಿಗೆ ಏನೂ ಮುಚ್ಚಿಡಲಾರೆ.

ಮನೆಯ ಮುಂದೆ ನಿಲ್ಲಿಸಿದೆ. ಪದ್ಮವ್ವ ಬಾಗಿಲಲ್ಲಿ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ಅಣ್ಣ ಇಳಿದ. ನಾನು ಎಡಗಾಲು ನೆಲಕ್ಕೆ ಕೊಟ್ಟೆ. ಅಷ್ಟೇ. ಬಲಗಾಲು ಏಳಲಿಲ್ಲ. ಮೈ ಕಂಬ ಆಯಿತು. ಈಗಷ್ಟೇ ಅವನನ್ನು ಹೊತ್ತು ತಂದ ಕಾಲು.

ಅಣ್ಣ ಹತ್ತಿರದಿಂದ ನೋಡಿದ. ಇಳಿಸಿಕೊಳ್ಳಲು ಪದ್ಮವ್ವ ಓಡಿ ಬಂದಳು. ಅವಳಿಗೆ ಕೈ ಅಡ್ಡ ಮಾಡಿದ. ಹೋಯಿತು, ಇನ್ನು ಸೈಕಲ್ ಅವನ ಮನೆಗೇ ಅಂದುಕೊಂಡೆ. ಅವನು ಧೋತರ ಎತ್ತಿ ಕಟ್ಟಿ, ಮತ್ತೆ ಕ್ಯಾರಿಯರ್ ಮೇಲೆ ಕೂತ. ಎರಡೂ ಕಾಲಿನಿಂದ ನೆಲ ಒತ್ತಿ ದಬ್ಬಿದ.

"ಇಳೀಬ್ಯಾಡ. ಹೊಡಿ."

ಹೊಡೆದೆ. ಎಲ್ಲಿಗೆ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.