ಟ್ರ್ಯಾಕ್ಟರಿನ ನಾಲಿಗಿ

ಮಂಗಳವಾರ, ಅಮಾಸಿ. ಕರೂರು.

ಕೈ ಎಷ್ಟು ತೊಳಕೊಂಡ್ರೂ ಆಯಿಲ್ ವಾಸನಿ ಹೋಗವಲ್ದು. ಸಿಟ್ಟೂ ಪೂರಾ ಹೋಗಿಲ್ಲ.

ಪೂಜಿಗೆ ಟ್ರ್ಯಾಕ್ಟರ್ ತೊಳೀರಿ ಅಂದ್ರ ಮಾವ ಅದನ್ನ ಕಾಲುವಿಯೊಳಗೇ ಇಳಿಸಿಬಿಟ್ಟಾರ, ಎತ್ತಿನ ಮೈ ತೊಳಿಯೋ ಜಾಗದಾಗ. ಹಿಂದಿನ ಗಾಲಿ ಅರ್ಧ ಮುಳುಗೋ ಹಂಗ ನಿಲ್ಲಿಸಿ, ಒಣಹುಲ್ಲಿನಿಂದ ಗಸಗಸ ತಿಕ್ಯಾರ. ಮನಿಗೆ ಬಂದ ಮ್ಯಾಲೆ ನಾನು ಗೇರ್ ಆಯಿಲಿನ ಕಡ್ಡಿ ಎಳೆದು ನೋಡಿದ್ರ, ಆಯಿಲ್ ಹಾಲು ಹಾಕಿದ ಚಾದಂಗ ಆಗಿತ್ತು. ಒಳಗ ನೀರು ಹೊಕ್ಕಿತ್ತು. ನಾಳೆ ಗದ್ದಿ ಹದ ಮಾಡಬೇಕು, ನಾಟಿಗೆ ಆಳು ಹೇಳೀನಿ.

"ಇದು ಎತ್ತಲ್ಲರೀ ಮಾವ!" ಅಂತ ಒದರಿಬಿಟ್ಟೆ. ಮಾವ ಮಧ್ಯಾಹ್ನ ಊಟನೇ ಮಾಡಲಿಲ್ಲ.

ಸಿರುಗುಪ್ಪದಿಂದ ಮೇಸ್ತ್ರಿ ಗವಿಸಿದ್ದೇಶ್ ಬಂದ. ಮತ್ತ ಚಾಲೂ ಮಾಡದೇ ಇದ್ದದ್ದು ಛಲೋ ಆತು ಅಂದ. ಕೆಟ್ಟ ಆಯಿಲ್ ಎಲ್ಲಾ ಇಳಿಸಿ, ಒಳಗ ತೊಳೆದು, ನೀರು ಒಳಗ ಬಿಟ್ಟಿದ್ದ ಸವೆದ ಸೀಲ್ ಬದಲಿಸಿ, ಹೊಸ ಆಯಿಲ್ ಹಾಕಿದ. ಅಷ್ಟೊತ್ತೂ ಮಾವ ಗಾಲಿ ಮ್ಯಾಲೆ ಕೈ ಇಟ್ಟುಕೊಂಡೇ ನಿಂತಿದ್ರು. ಎತ್ತಿಗೆ ಆರಾಮಿಲ್ಲ ಅಂದ್ರ ಮೊದಲು ಬಾಯಿ ಬಿಡಿಸಿ ನಾಲಿಗಿ ನೋಡೋರು ಅವರು. ಆಯಿಲ್ ಕಡ್ಡಿ ಕೈಗೆ ತಗೊಂಡು ಮೆಲ್ಲಗ ಕೇಳಿದ್ರು:

"ಯವ್ವಾ, ಇದರ ನಾಲಿಗಿ ಇದೇನು?"

"ಹೂಂರೀ ಮಾವ, ಅದೇ."

"ಮತ್ತ ಮೊದಲೇ ಹೇಳಬಾರ್ದೇನು?"

ಆಮ್ಯಾಲೆ ಹೊಟ್ಟಿ ತುಂಬ ಉಂಡ್ರು.

ಈಗ ಅಂಗಳದಾಗ ಬ್ಯಾಟರಿ ಬೆಳಕು ಕಾಣತೈತಿ. ಮತ್ತ ಕಡ್ಡಿ ಎಳೆದು ನೋಡಾಕ ಹತ್ಯಾರ. ಮಲಕ್ಕೋರಿ ಮಾವ ಅಂತ ಕೂಗಬೇಕು, ಆದ್ರ ಕೂಗಾಕ ಮನಸ್ಸು ಬರವಲ್ದು.