ನಾನೂರ ಒಂಬತ್ತು ಓಟ

ಲಿಂಡನ್ ಬೆಂಡ್, ಅರ್ಕಾನ್ಸಾಸ್
ಜನವರಿ 9, ಶುಕ್ರವಾರ

ಡೆವಾಂಟೆ,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದೆ. ಪ್ರೀತಿ ಇಲ್ಲವೆಂದಲ್ಲ, ಇವತ್ತು ಅದನ್ನು ನಿನಗೆ ಕೊಡುವ ಮನಸ್ಸಿಲ್ಲ. ನೀನು ಕ್ರಿಸ್‌ಮಸ್‌ಗೆ ಕಳಿಸಿದ ಕಾರ್ಡು, ಪೆಕಾನ್ ಬೀಜದ ಡಬ್ಬಿ ಎರಡೂ ತಲುಪಿದವು. ಮೂರು ವಾರ ಉತ್ತರ ಬರೆಯಲಿಲ್ಲ, ಕ್ಷಮಿಸು. ಡಬ್ಬಿಯನ್ನು ಇನ್ನೂ ತೆರೆದಿಲ್ಲ, ಅದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಿನ್ನ ಅಮ್ಮ ಅರ್ಲೀನ್ ಚೆನ್ನಾಗಿದ್ದಾಳೆ. ಮಂಡಿನೋವು ಇಳಿದಿದೆ, ಕಳೆದ ಭಾನುವಾರ ಚರ್ಚಿನಲ್ಲಿ ಎಲ್ಲ ಹಾಡಿಗೂ ಎದ್ದು ನಿಂತಳು. ನೀನು ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಅಂಕಿಅಂಶ ವಿಭಾಗದ ಮುಖ್ಯಸ್ಥನಾದಾಗ ಊರೆಲ್ಲ ಸುತ್ತಿ ಹೇಳಿಕೊಂಡವರಲ್ಲಿ ಅವಳು ಮೊದಲನೆಯವಳು, ನಾನು ಎರಡನೆಯವಳು. 'ನನ್ನ ಅಡುಗೆಮನೆಯ ಮೇಜಿನ ಮೇಲೆ ಲೆಕ್ಕ ಕಲಿತ ಹುಡುಗ' ಎಂದು ಕೇಳದವರಿಗೂ ಹೇಳಿದ್ದೆ. ಅದೇ ತಂಡಕ್ಕೆ ನನ್ನ ಮಗ ಎಜ್ರಾ ಸೇರಿದಾಗ, ದೇವರೇ ಮುಂದೆ ನಿಂತು ಏರ್ಪಾಟು ಮಾಡಿದ ಅಂದುಕೊಂಡೆ. ಎಂಥ ದಡ್ಡಿ ನೋಡು.

ಈಗ ವಿಷಯಕ್ಕೆ ಬರುತ್ತೇನೆ. ಡಿಸೆಂಬರ್ ಮೊದಲ ವಾರ ನಿಮ್ಮ ಕೋಚ್ ಹ್ಯಾಲರನ್ ಎಜ್ರಾನನ್ನು ಕರೆಸಿ, ನೀನು ತಯಾರಿಸಿದ ಅಂಕಿಅಂಶದ ಹಾಳೆಯನ್ನು ಮೇಜಿನ ಮೇಲೆ ಅವನತ್ತ ತಿರುಗಿಸಿಟ್ಟರು. "ನೋಡಪ್ಪಾ, ನೀನು ಬೆವರು ಸುರಿಸ್ತೀಯ, ಅದನ್ನ ಯಾರೂ ಇಲ್ಲ ಅನ್ನಲ್ಲ. ಆದ್ರೆ ಒಂದೊಂದು ಓಟಕ್ಕೆ ಒಂದೂ ಮುಕ್ಕಾಲು ಗಜಾನೂ ಬರ್ತಿಲ್ಲ. ಓಡಿ ಚೆಂಡು ಹಿಡಿಯೋ ನಮ್ಮ ರಿಸೀವರ್‌ಗಳಲ್ಲಿ ನೀನೇ ಕೊನೇಲಿ ಇದೀಯ. ಬೇರೆ ಕಾಲೇಜು ನೋಡ್ಕೊಳ್ಳೋದು ನಿಂಗೇ ಒಳ್ಳೇದು" ಅಂದರಂತೆ. ನೀನು ಅದೇ ಕೋಣೆಯಲ್ಲಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ನಾನು ಕಾರ್ನ್‌ಬ್ರೆಡ್ ಮುರಿದು ನಿಮ್ಮಿಬ್ಬರ ತಟ್ಟೆಗೂ ಸಮನಾಗಿ ಹಾಕುತ್ತಿದ್ದೆನಲ್ಲ, ಆ ಎಜ್ರಾ ಎದ್ದು ಹೋಗುವಾಗಲೂ ನೀನು ಟೈಪ್ ಮಾಡುತ್ತಲೇ ಇದ್ದೆ.

ನಿನ್ನ ಹಾಳೆ ಈಗ ನನ್ನ ಮುಂದಿದೆ. ಹನ್ನೊಂದನೇ ನಂಬರು, ಎಜ್ರಾ ಪ್ರೂಯಿಟ್. ಹಿಡಿದ ಚೆಂಡು ನಲವತ್ತೆಂಟು. ಗಳಿಸಿದ ಗಜ ಆರುನೂರ ಎಂಬತ್ತೊಂಬತ್ತು. ಚೆಂಡು ಬರಬಹುದೆಂದು ಓಡಿದ್ದು ನಾನೂರ ಒಂಬತ್ತು ಸಲ. ಭಾಗಿಸಿದರೆ ಒಂದು ಓಟಕ್ಕೆ 1.68 ಗಜ. ನಿನ್ನ ಭಾಗಾಕಾರದಲ್ಲಿ ತಪ್ಪಿಲ್ಲ. ಕಲಿಸಿದವಳು ನಾನು, ಅದರಲ್ಲಿ ತಪ್ಪಾಗಲು ಸಾಧ್ಯವೂ ಇಲ್ಲ.

ನಾನೂ ಸುಮ್ಮನೆ ಕೂರಲಿಲ್ಲ. ನಿವೃತ್ತಳಾದವಳಿಗೆ ಬೆಳಗಿನ ಹೊತ್ತು ಬೇಕಾದಷ್ಟಿದೆ. ಮಗ ಎಲ್ಲಿ ನಿಧಾನವಾದ, ಎಲ್ಲಿ ತಿರುವು ತಪ್ಪಿದ ಎಂದು ಕಂಡುಹಿಡಿದರೆ ಮುಂದಿನ ಕಾಲೇಜಿಗೆ ಹೋಗುವ ಮೊದಲು ತಿದ್ದಿಕೊಂಡಾನು ಎಂದುಕೊಂಡು, ಹನ್ನೆರಡು ಪಂದ್ಯಗಳ ವಿಡಿಯೋ ಹಾಕಿಕೊಂಡು ನೋಟ್‌ಬುಕ್ ಹಿಡಿದು ಕೂತೆ. ಪಕ್ಕದ ಮನೆಯ ಹೊಸಿಯಾ ಟಿಬ್ಸ್ ಕಾಫಿಗೆ ಬಂದವನು ಎದ್ದು ಹೋಗಲಿಲ್ಲ. ಅವನ ಕ್ಷೌರದಂಗಡಿಗೆ ಈಗ ಗಿರಾಕಿ ಕಡಿಮೆ, ಬಾಯಿಗೆ ಮಾತ್ರ ಬಿಡುವಿಲ್ಲ.

ಮೂರನೇ ಪಂದ್ಯದ ಎರಡನೇ ಭಾಗ. ನಾನು ಗೆರೆ ಎಳೆಯಲು ಪೆನ್ಸಿಲ್ ಎತ್ತಿದ್ದೆ, ಹೊಸಿಯಾ ನನ್ನ ಕೈ ಹಿಡಿದ. "ತಡೀರಿ ಟೀಚರ್. ಅದು ನಾನು ಕತ್ತರಿಸಿದ ತಲೆ ಅಲ್ಲ."

"ಹೆಲ್ಮೆಟ್ ಒಳಗಿನ ತಲೆ ನಿನಗೆ ಹೇಗಪ್ಪಾ ಕಾಣ್ಸುತ್ತೆ?"

"ತಲೆ ಬಿಡಿ, ಕತ್ತು ನೋಡಿ. ಎಜ್ರಾ ಮೂರು ವರ್ಷದ ಮಗು ಆಗಿದ್ದಾಗಿಂದ ಆ ಕತ್ತಿನ ಮೇಲೆ ಕತ್ತರಿ ಆಡ್ಸಿದೀನಿ. ಈ ಹುಡುಗನ ಕೂದ್ಲು ಭುಜದ ತನಕ ಇಳಿದಿದೆ. ಮೊದಲನೇ ಭಾಗದಲ್ಲಿ ಬೋಳು ಕತ್ತು, ಎರಡನೇ ಭಾಗದಲ್ಲಿ ಜಡೆ. ನಿಮ್ಮ ಮಗ ವಿರಾಮದಲ್ಲಿ ನೀರು ಕುಡಿದ್ನೋ, ಕೂದ್ಲು ಬೆಳೆಸೋ ಔಷಧಿ ಕುಡಿದ್ನೋ?"

ಆಮೇಲೆ ನನಗೆ ನೆನಪಾಯಿತು. ಕಳೆದ ಬೇಸಿಗೆಯಲ್ಲಿ ಎಜ್ರಾ ಫೋನ್ ಮಾಡಿದ್ದ. ಟೆಕ್ಸಸ್ಸಿನಿಂದ ಕೋಲ್ಟನ್ ಎಂಬ ಹೊಸ ರಿಸೀವರ್ ಬರುತ್ತಿದ್ದಾನೆ, ಹನ್ನೊಂದನೇ ನಂಬರ್ ಕೊಡದಿದ್ದರೆ ಬರಲ್ಲ ಅಂತ ಹಟ ಹಿಡಿದಿದ್ದಾನೆ, ಕೋಚ್ ಆಗಲೇ ಮಾತು ಕೊಟ್ಟುಬಿಟ್ಟಿದ್ದಾರೆ ಎಂದಿದ್ದ. "ಒಂದೇ ನಂಬರಿನ ಇಬ್ಬರು ಒಟ್ಟಿಗೆ ಮೈದಾನಕ್ಕೆ ಇಳಿಯೋ ಹಾಗಿಲ್ಲ, ಅಷ್ಟೇ ಅಮ್ಮ. ಅವನೂ ಹಾಕ್ಕೊಳ್ಲಿ ಬಿಡಿ ಅಂದೆ. ಅಂಗಿ ಮೇಲಿನ ನಂಬರ್‌ಗೆ ಯಾಕೆ ಜಗಳ?" ನನ್ನ ಮಗನ ದೊಡ್ಡ ಮನಸ್ಸಿಗೆ ನೀವು ಕೊಟ್ಟ ಬಹುಮಾನ ಚೆನ್ನಾಗಿದೆ.

ಯಾರು ಚೆಂಡು ಹಿಡಿದರು, ಎಷ್ಟು ಗಜ ಹೋದರು ಎನ್ನುವುದನ್ನು ಕ್ರೀಡಾಂಗಣದ ಮೇಲಿನ ಕೋಣೆಯಲ್ಲಿ ಕೂತವರು ಹೆಸರು ನೋಡಿ ಬರೆಯುತ್ತಾರೆ. ಓಟಗಳನ್ನು ಎಣಿಸುವವರು ನಿನ್ನ ಕಚೇರಿಯ ವಿದ್ಯಾರ್ಥಿಗಳು, ವಿಡಿಯೋ ನೋಡಿ, ಅಂಗಿಯ ನಂಬರು ನೋಡಿ. ಹನ್ನೊಂದು ಕಂಡಾಗಲೆಲ್ಲ ಎಜ್ರಾನ ಹೆಸರಿನ ಮುಂದೆ ಒಂದು ಗೆರೆ. ಹೀಗೆ ಗಜಗಳು ಒಬ್ಬನವು, ಓಟಗಳು ಇಬ್ಬರವು.

ಹೊಸಿಯಾ ಕತ್ತು ನೋಡಿ ಹೇಳಿದ, ನಾನು ಗೆರೆ ಎಳೆದೆ. ಹನ್ನೆರಡು ಪಂದ್ಯ, ಎಂಟು ಬೆಳಗು. ಎಜ್ರಾ ಓಡಿದ್ದು ಇನ್ನೂರ ನಲವತ್ತೊಂದು ಸಲ. ಉಳಿದ ನೂರ ಅರವತ್ತೆಂಟು ಕೋಲ್ಟನ್ನನವು. ನನ್ನ ಮಗನ ನಿಜವಾದ ಅಂಕಿ 2.86. ನಿಮ್ಮ ತಂಡದಲ್ಲಿ ಅದಕ್ಕಿಂತ ಮೇಲಿನವನು ಒಬ್ಬನೂ ಇಲ್ಲ, ನಿನ್ನ ಹಾಳೆಯೇ ಹೇಳುತ್ತದೆ. ಕೊನೆಯವನಲ್ಲ ಡೆವಾಂಟೆ, ಮೊದಲನೆಯವನು. ಈ ಇನ್ನೂರ ನಲವತ್ತೊಂದರಲ್ಲೂ ಎಷ್ಟೋ ಸಲ ಕೋಚ್ ಅವನನ್ನು ಓಡಿಸಿದ್ದು ಎದುರಾಳಿಯನ್ನು ಆಚೆ ಎಳೆದೊಯ್ದು ಇನ್ನೊಬ್ಬನಿಗೆ ಜಾಗ ಮಾಡಿಕೊಡಲು. ಅದನ್ನು ಕಳೆ ಎಂದು ನಾನು ಕೇಳುತ್ತಿಲ್ಲ. ಅವನು ಓಡದ್ದನ್ನು ಕಳೆ, ಸಾಕು.

ನನಗೆ ಮೈ ಉರಿಯುವುದು ಎಲ್ಲಿ ಗೊತ್ತಾ? ಅದೇ ಹಾಳೆಯಲ್ಲಿ ಮೂರು ಸಾಲು ಕೆಳಗೆ ಕೋಲ್ಟನ್ ಇದ್ದಾನೆ. ಚೆಂಡು ಹಿಡಿದದ್ದು ಒಂಬತ್ತು. ಓಟದ ಕಾಲಂ ಖಾಲಿ. ಒಂದು ಸಲವೂ ಓಡದವನು ಒಂಬತ್ತು ಚೆಂಡು ಹೇಗೆ ಹಿಡಿದ ಎಂದು ನಿಮ್ಮಲ್ಲಿ ಒಬ್ಬರಿಗೂ ಅನಿಸಲಿಲ್ಲವೇ? ಆರನೇ ತರಗತಿಯಲ್ಲಿ ನೀನು, ಊರು ಬಿಟ್ಟು ಹೋದ ಹುಡುಗನನ್ನೂ ತಲೆಲೆಕ್ಕಕ್ಕೆ ಸೇರಿಸಿ ತರಗತಿಯ ಸರಾಸರಿ ಎತ್ತರ ತೆಗೆದಿದ್ದೆ. ಭಾಗಿಸುವ ಮೊದಲು ಗೆರೆಯ ಕೆಳಗೆ ಯಾರ‍್ಯಾರಿದ್ದಾರೆ ನೋಡು ಎಂದು ಆವತ್ತು ನಿನ್ನಿಂದ ಇಪ್ಪತ್ತು ಸಲ ಬರೆಸಿದ್ದೆ. ಇನ್ನೂರು ಸಲ ಬರೆಸಬೇಕಿತ್ತು.

ಸೋಮವಾರ ಕೋಚ್‌ಗೆ ಫೋನ್ ಮಾಡಿದೆ. ಬೆಣ್ಣೆಯಂಥ ಮಾತು. "ಅಮ್ಮಾ, ಅಂಕಿಸಂಖ್ಯೆ ಎಲ್ಲಾ ಡೆವಾಂಟೆ ನೋಡ್ಕೋತಾನೆ. ಅವನು ನಿಮ್ಮ ಶಿಷ್ಯನೇ ಅಂತೆ, ನೀವೇ ಹೆಮ್ಮೆ ಪಡ್ಬೇಕು." ನಾನು ಫೋನ್ ಇಟ್ಟುಬಿಟ್ಟೆ. ಇನ್ನೊಂದು ಕ್ಷಣ ಕಿವಿಗೆ ಹಿಡಿದಿದ್ದರೆ, ಚರ್ಚಿನಲ್ಲಿ ಹೇಳಿಕೊಳ್ಳಲಾಗದ ಮಾತು ಬಾಯಿಂದ ಬರುತ್ತಿತ್ತು.

ನಿನ್ನ ಹಾಳೆ ಐದು ಕಾಲೇಜುಗಳಿಗೆ ಹೋಗಿದೆ. ಅದನ್ನು ನೋಡಿದ ಮೇಲೆ ಒಂದೂ ಕಾಲೇಜು ಅವನನ್ನು ಕರೆದಿಲ್ಲ. ಬರುವ ಶುಕ್ರವಾರ, ಹದಿನಾರಕ್ಕೆ, ಅವರು ಹೆಸರು ಸೇರಿಸಿಕೊಳ್ಳುವುದು ಮುಗಿಯುತ್ತದೆ. ಆಮೇಲೆ ಎಜ್ರಾಗೆ ಮೈದಾನ ಇಲ್ಲ. ನನ್ನ ನೋಟ್‌ಬುಕ್ ಇದರ ಜೊತೆಗಿದೆ. ಬೇಕಿದ್ದರೆ ನೀನೇ ಕೂತು ಎಣಿಸು, ಕತ್ತು ನೋಡಿ ಎಣಿಸು. ಎಣಿಸಿ, ತಪ್ಪು ನನ್ನದು ಎಂದು ನಿನ್ನ ಹೆಸರು ಹಾಕಿ ಐದೂ ಕಡೆಗೆ ಬರೆ. 'ತಾಂತ್ರಿಕ ಕಾರಣಗಳಿಂದ' ಎಂದು ಬರೆದೆಯೋ, ಮತ್ತೆ ನನ್ನ ಮನೆಯ ಮೆಟ್ಟಿಲು ಹತ್ತಬೇಡ. ಅದರಿಂದ ನಿನ್ನ ಕುರ್ಚಿ ಅಲ್ಲಾಡಬಹುದು, ನನಗೆ ಗೊತ್ತು. ಗೊತ್ತಿದ್ದೇ ಕೇಳುತ್ತಿದ್ದೇನೆ.

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಅಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೂ ಎದುರಿಗೇ ಕೂತಿರುತ್ತೇನೆ ಎಂದಿದ್ದಾಳೆ. ಅವಳಿಗೆ ಎಲ್ಲವನ್ನೂ ಹೇಳಿದ್ದೇನೆ. ಅತ್ತಳು, ಆಮೇಲೆ ಬಸ್ಸಿನ ಸಮಯ ಕೇಳಿದಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನ ಕೈಯಿಂದ ಸರಿಯಾದದ್ದನ್ನು ಮಾಡಿಸಲಿ, ಮಾಡಿದ ಮೇಲೆ ನಿನ್ನನ್ನು ಕಾಯಲಿ. ಕೋಪದಲ್ಲಿದ್ದೇನೆ, ಆದರೂ ಈ ಮಾತನ್ನು ಮನಸಾರೆ ಬರೆದಿದ್ದೇನೆ.

ನಿನ್ನ ಟೀಚರ್,
ಒಡೆಸ್ಸಾ ಪ್ರೂಯಿಟ್

ವಿ.ಸೂ: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಡಿಸಿ ಇದನ್ನು ಬರೆಯುತ್ತಿದ್ದೇನೆ, ಬರೆಯದಿದ್ದರೆ ಮೇಲಿನದೆಲ್ಲ ಅರ್ಧ ಸತ್ಯವಾಗುತ್ತದೆ. ಎಜ್ರಾ ಆ ಹಾಳೆ ಹಿಡಿದು ಮನೆಗೆ ಬಂದ ದಿನ ನಾನು ಸಿಹಿಗೆಣಸಿನ ಸಿಪ್ಪೆ ತೆಗೆಯುತ್ತಿದ್ದೆ. "ಅಮ್ಮ, ನಾನೂರ ಒಂಬತ್ತು ಸಲ ನಾನು ಓಡೇ ಇಲ್ಲ. ನನ್ ಕಾಲಿಗೆ ಗೊತ್ತಾಗಲ್ವಾ?" ಅಂದ. ನಾನು ಚಾಕು ಕೂಡ ಕೆಳಗಿಡಲಿಲ್ಲ. "ಲೆಕ್ಕ ಮಾಡಿದ್ದು ಡೆವಾಂಟೆ. ನೆಪ ಹುಡುಕ್ಬೇಡ, ಎಲ್ಲಿ ಸೋತೆ ಅಂತ ಹುಡುಕು" ಎಂದೆ. ಅವನು ಹಾಳೆಯನ್ನು ನನ್ನ ಮುಂದಿಟ್ಟು, ಚೀಲ ಎತ್ತಿಕೊಂಡು ಅವನ ಚಿಕ್ಕಪ್ಪನ ಮನೆಗೆ ಹೋದ. ಕ್ರಿಸ್‌ಮಸ್‌ಗೂ ಬರಲಿಲ್ಲ. ನಿನ್ನೆ ಫೋನ್ ಮಾಡಿ, ಮಗನೇ, ನಿಜವಾದ ಅಂಕಿ ಸಿಕ್ಕಿತು, ಇನ್ನೂರ ನಲವತ್ತೊಂದು ಎಂದೆ. ಆಮೇಲೆ ಅಂದ: "ಡೆವಾಂಟೆ ಮೇಲೆ ನಂಗೇನೂ ಕೋಪ ಇಲ್ಲಮ್ಮ. ಅವನು ನೋಡಿದ್ದು ಬರೀ ಅಂಗಿ ಮೇಲಿನ ನಂಬರ್ನ. ನಿಂಗಾದ್ರೆ ನಾನೇ ಮುಂದೆ ನಿಂತು ಹೇಳಿದ್ನಲ್ಲ."